ತಾರಸಿಯ ಕುಂಟೆಬಿಲ್ಲೆ

ಎರಡನೇ ಸಲದ ಲಾಕ್‌ಡೌನಿನಲ್ಲಿ ಮಾಯಮ್ಮ ಮತ್ತು ಅವಳ ಏಳು ವರ್ಷದ ಮಗಳು ಪುಟ್ಟಿ ಬಿಡದಿಯ ಮಹಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ಸಿಕ್ಕಿಹಾಕಿಕೊಂಡರು. ಫ್ಯಾಕ್ಟರಿ ನಿಂತಿದ್ದರಿಂದ ಗಂಡ ಚಿಕ್ಕರಾಜು ಅಪ್ಪನ ಕುರಿ ನೋಡಿಕೊಂಡು ಬರುತ್ತೇನೆಂದು ಕೋಡಿಹಳ್ಳಿಗೆ ಹೋದವನು ಬಸ್ಸಿಲ್ಲದೆ ಅಲ್ಲೇ ಉಳಿದುಬಿಟ್ಟಿದ್ದ.

ಮೊದಮೊದಲು ಪುಟ್ಟಿ ಮಂಚದಿಂದ ನೆಲಕ್ಕೆ ಧುಮುಕುತ್ತ, ಗೋಡೆಯಿಂದ ಗೋಡೆಗೆ ಓಡುತ್ತ ಹೇಗೋ ಹೊತ್ತು ಕಳೆಯುತ್ತಿದ್ದಳು. ಮಾಯಮ್ಮನೇ ಗದರಿ ಕೂರಿಸಿದಳು. ಕೆಳಗೆ ಸಾವಿನ ಮನೆ. ಮನೆಯ ಯಜಮಾನರು ರಾಮಲಿಂಗಯ್ಯ ಕೊರೊನಾ ಬಂದು ಆಸ್ಪತ್ರೆಗೆ ಹೋದವರು ತಿರುಗಿ ಬಂದಿರಲಿಲ್ಲ. ಅವರು ದಿನಾ ಬೆಳಿಗ್ಗೆ ನಡೆದಾಡುತ್ತಿದ್ದ ತಾರಸಿಗೆ ಅವರ ಹೆಂಡತಿ ಕಾವೇರಮ್ಮ ಬೀಗ ಜಡಿದಿದ್ದರು. ಬಟ್ಟೆ ಒಣಗಿಸುವುದಕ್ಕೂ ಬೀಗದಕೈ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಕೂತ ಪುಟ್ಟಿ ಕೂತೇ ಬಿಟ್ಟಳು. ಕೈಯಲ್ಲಿ ಫೋನು, ಎದುರಿಗೆ ಆರಿದ ಮುದ್ದೆ. ಒಂದು ದಿನ ಕೆಳಗಿನ ನಲ್ಲಿಯಿಂದ ಪುಟಾಣಿ ಬಿಂದಿಗೆ ಹಿಡಿದು ಬರುವಾಗ ಅರ್ಧ ಮೆಟ್ಟಿಲಿಗೇ ಕುಸಿದು ಕೂತಳು.

"ಅವ್ವ, ಕಾಲು ನೋಯ್ತವೆ. ಎತ್ಕೊ."

ಮಾಯಮ್ಮ ಮಗುವನ್ನೂ ಬಿಂದಿಗೆಯನ್ನೂ ಎತ್ತಿಕೊಂಡು ಮೇಲೆ ಬಂದಳು. ಮರುದಿನ ಬೆಳಿಗ್ಗೆ ಮಾಸ್ಕ್ ಏರಿಸಿಕೊಂಡು ಕಾವೇರಮ್ಮನ ಬಾಗಿಲಲ್ಲಿ ನಿಂತು, ಮಗು ಒಸಿ ಹೊತ್ತು ತಾರಸಿಯಲ್ಲಿ ಆಡಿಕೊಳ್ಳಲಿ ಎಂದು ಕೇಳಿದಳು. ಕಾವೇರಮ್ಮ ಪೂರಾ ಕೇಳಿಸಿಕೊಂಡು, ಆಗಲ್ಲ ಎಂದಷ್ಟೇ ಹೇಳಿ ಒಳಗೆ ಹೋದರು. ಕೇಳಬಾರದಿತ್ತೇನೋ ಎಂದು ಮಾಯಮ್ಮ ನಾಚಿಕೊಂಡು ಮೇಲೆ ಬಂದಳು.

ಆದರೆ ಮಗುವಿನ ಮುಖ ನೋಡಿ ಸುಮ್ಮನಿರಲಾಗಲಿಲ್ಲ. ಫೋನು ಕಸಿದು ಡಬ್ಬದ ಹಿಂದಿಟ್ಟಳು. ಇದ್ದಿಲಿನಲ್ಲಿ ನೆಲದ ಮೇಲೆ ಕುಂಟೆಬಿಲ್ಲೆಗೆ ಗೀಟೆಳೆದು, ಸೀರೆ ಎತ್ತಿ ಸಿಕ್ಕಿಸಿ, ತಾನೇ ಕುಂಟತೊಡಗಿದಳು. ಮೂರನೇ ಮನೆಗೆ ಹೋಗುವಷ್ಟರಲ್ಲಿ ಮುಗ್ಗರಿಸಿ ಪಾತ್ರೆಗಳ ಮೇಲೆ ಬಿದ್ದಳು. ಪುಟ್ಟಿ ಬಿದ್ದುಬಿದ್ದು ನಕ್ಕಳು. ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ! ಇಬ್ಬರೂ ಕೆಳಗಿನ ಮನೆಯನ್ನು ಮರೆತೇಬಿಟ್ಟರು.

ಬಾಗಿಲು ಬಡಿದ ಸದ್ದಾದಾಗ ಮಾಯಮ್ಮ ಸೀರೆ ಇಳಿಬಿಟ್ಟುಕೊಂಡು ಹೆದರುತ್ತಲೇ ಬಾಗಿಲು ತೆಗೆದಳು. ಕಾವೇರಮ್ಮ ಬೀಗದಕೈ ಹಿಡಿದು ನಿಂತಿದ್ದರು.

"ಇಷ್ಟ್ ದಿನ ಮೇಲೆ ಸದ್ದೇ ನಿಂತೋಗಿತ್ತಲ್ಲ, ಮಗೀಗೂ ಕಾಯ್ಲೆ ಬಂದ್ಬುಡ್ತೇನೋ ಅಂತಿದ್ದೆ. ಕೇಳಕ್ಕೂ ಭಯ ಆಯ್ತಿತ್ತು. ಈಗ ನಗೋದ್ ಕೇಳುಸ್ತು," ಎಂದರು. ಆಮೇಲೆ ಬೀಗದಕೈಯನ್ನು ಮಾಯಮ್ಮನ ಅಂಗೈಗಿಟ್ಟರು. "ನನ್ ಕೈಲಿ ತೆಗ್ಯಕ್ಕಾಗಲ್ಲ. ನೀನೇ ತೆಗಿ."

ತಾರಸಿಯ ಬಾಗಿಲ ಪಕ್ಕದಲ್ಲೇ ರಾಮಲಿಂಗಯ್ಯನವರ ಚಪ್ಪಲಿ ಇತ್ತು, ಧೂಳು ಮೆತ್ತಿಕೊಂಡು. ಕಾವೇರಮ್ಮ ಅದರ ಪಕ್ಕ ಕೂತು ಸೆರಗು ಬಾಯಿಗಿಟ್ಟುಕೊಂಡರು. ಮಾಯಮ್ಮ ಹತ್ತಿರ ಕೂತಳು. ಪುಟ್ಟಿಗೆ ಇದ್ಯಾವುದೂ ಗೊತ್ತಾಗಲಿಲ್ಲ. ನೀರಿನ ಟ್ಯಾಂಕ್ ಸುತ್ತ ಓಡಿದಳು, ದಣಿದು ನಿಂತಳು, ಮತ್ತೆ ಓಡಿದಳು. ಕೊನೆಗೆ ಇದ್ದಿಲು ತಂದು ಸೊಟ್ಟಸೊಟ್ಟ ಗೀಟೆಳೆದು ಕುಂಟಲು ನಿಂತಳು.

ಎಷ್ಟೋ ಹೊತ್ತಿನ ಮೇಲೆ ಕಾವೇರಮ್ಮ ಕಣ್ಣೊರೆಸಿಕೊಂಡು ಅತ್ತ ನೋಡಿದರು.

"ಗೀಟು ತುಳಿದ್ಯಲ್ಲೇ, ಔಟು. ಮೊದ್ಲಿಂದ ಬಾ," ಎಂದರು.

ಅಂದಿನಿಂದ ತಾರಸಿಗೆ ಬೀಗ ಹಾಕಲಿಲ್ಲ. ಬೆಳಿಗ್ಗೆ ಪುಟ್ಟಿಯೇ ಕಾವೇರಮ್ಮನನ್ನು ಎಬ್ಬಿಸಿ ಕರೆದುಕೊಂಡು ಹೋಗುತ್ತಿದ್ದಳು. ಇಳಿದು ಬಂದವಳು ತಾನಾಗಿ ತಟ್ಟೆ ಹಾಕಿಕೊಂಡು ಕೂರುತ್ತಿದ್ದಳು. ಬಸ್ಸು ಬಿಟ್ಟ ಮೇಲೆ ಚಿಕ್ಕರಾಜು ಬಂದಾಗ, ತಾರಸಿಯಿಂದ ಬೀದಿಯ ತುದಿಯಲ್ಲೇ ಅವನನ್ನು ಕಂಡ ಮಗಳು ಮೆಟ್ಟಿಲು ಹಾರಿಕೊಂಡು ಇಳಿದು, ಅವನ ಚೀಲ ಕಿತ್ತುಕೊಂಡು ಮುಂದೆ ಓಡಿದಳು.