ಎಣಿಸದ ಮಗು

ನಮ್ಮ ಸಂಜೆ ಶಾಲೆ ಇರುವುದು ಲಾಂಡ್ರಿಯ ಮೇಲಿನ ಮಹಡಿಯಲ್ಲಿ. ಕೆಳಗೆ ಮೆಷಿನ್ನುಗಳು ತಿರುಗಿದರೆ ಮೇಲೆ ನೆಲ ನಡುಗುತ್ತದೆ, ಕುರ್ಚಿ ನಡುಗುತ್ತದೆ, ಹಲಗೆಯ ಮೇಲಿನ ನನ್ನ ಅಕ್ಷರದ ಗತಿಯನ್ನಂತೂ ಕೇಳಲೇಬೇಡಿ. ಆಫ್ರಿಕಾದ ಬೇರೆ ಬೇರೆ ದೇಶಗಳಿಂದ ಬಂದು ಈ ಚಳಿ ದೇಶದಲ್ಲಿ ನೆಲೆ ನಿಲ್ಲಲು ಒದ್ದಾಡುತ್ತಿರುವವರು ಕೆಲಸ ಮುಗಿಸಿ ಈ ಮೆಟ್ಟಿಲು ಹತ್ತುತ್ತಾರೆ. ಅವರಿಗೆ ಇಲ್ಲಿಯ ಭಾಷೆ ಕಲಿಸುವುದು, ಕಚೇರಿಗಳಲ್ಲಿ ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳಿಸಿ ರೂಢಿ ಮಾಡಿಸುವುದು ನನ್ನ ಕೆಲಸ. ಶನಿವಾರ ಒಬ್ಬ ವಕೀಲೆ ಬಂದು ಬಿಟ್ಟಿಯಾಗಿ ವೀಸಾದ ತಾಪತ್ರಯ ಕೇಳುತ್ತಾಳೆ. ನನಗೆ ಬಾಯಿ ಜಾಸ್ತಿ, ತಾಳ್ಮೆ ಕಡಿಮೆ. ಬೈದರೆ ನಗುತ್ತಾರೆ, ಪುಣ್ಯಾತ್ಮರು.

ಅವರಲ್ಲೊಬ್ಬಳು ಟೈಲರಕ್ಕ. ಬಸ್ ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ಪ್ಯಾಂಟಿನ ಉದ್ದ ಕತ್ತರಿಸುವುದು, ಕಿತ್ತ ಜಿಪ್ ಹಾಕಿಕೊಡುವುದು ಅವಳ ಕಸುಬು. ಗಲಭೆಯಲ್ಲಿ ಗಂಡ ಸತ್ತ ಮೇಲೆ ಮಕ್ಕಳನ್ನು ತನ್ನ ತಾಯಿಯ ಹತ್ತಿರ ಬಿಟ್ಟು ಒಬ್ಬಳೇ ಓಡಿ ಬಂದವಳು. ಇರಲು ಅನುಮತಿ ಸಿಕ್ಕಿತ್ತು. ಈಗ ಮಕ್ಕಳನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದ್ದಳು.

ಅವತ್ತು ಕುಟುಂಬದ ಪಾಠ. "ನಿಮಗೆಷ್ಟು ಜನ ಮಕ್ಕಳು?" ಎಂದು ಒಬ್ಬೊಬ್ಬರನ್ನೇ ಕೇಳಿದೆ.

"ನಾಲ್ಕು ಟೀಚರಮ್ಮ. ಒಂದೂ ನನ್ನ ಮಾತು ಕೇಳಲ್ಲ," ಎಂದ ಟ್ಯಾಕ್ಸಿ ಓಡಿಸುವವನು. ಎಲ್ಲರೂ ನಕ್ಕರು.

"ಇಬ್ಬರು," ಎಂದಳು ಟೈಲರಕ್ಕ.

ಚಹಾದ ಹೊತ್ತಿಗೆ ಅವಳು ಚೀಲದಿಂದ ಹೊಲಿಗೆ ತೆಗೆದಳು. ಯಾರೋ ಬಿಸಾಡಿದ ದಪ್ಪ ಪರದೆಯಿಂದ ಚಳಿಗೆಂದು ಕತ್ತರಿಸಿದ ಕೋಟುಗಳು. ಒಂದು ದೊಡ್ಡದು, ಒಂದು ಮಧ್ಯಮ, ಒಂದು ಅಂಗೈಯಷ್ಟು ತೋಳಿನ ಪುಟಾಣಿ.

"ಇದ್ಯಾರಿಗಕ್ಕ, ಈ ಪುಟಾಣಿದು?"

ಅವಳು ತುಟಿಯ ಮೇಲೆ ಬೆರಳಿಟ್ಟಳು. ಆಮೇಲೆ ನನ್ನನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋಗಿ ಪಿಸುಗುಟ್ಟಿದಳು. "ಕೊನೆಯವನಿಗೆ. ಹುಟ್ಟಿದಾಗಿಂದ ಅವನ ಎದೆ ಸರಿ ಇಲ್ಲ. ನಮ್ಮ ಕಡೆ ಮಕ್ಕಳನ್ನ ಬಾಯಿಬಿಟ್ಟು ಎಣಿಸಲ್ಲ ಟೀಚರಮ್ಮ. ಎಣಿಸಲೇಬೇಕು ಅಂದ್ರೆ ಬಲ ಇಲ್ಲದ ಮಗೂನ ಬಿಟ್ಟು ಎಣಿಸ್ತೀವಿ. ಇಲ್ಲಾಂದ್ರೆ ಸಾವು ಕೇಳಿಸ್ಕೊಂಡು ಹುಡುಕ್ಕೊಂಡು ಬರುತ್ತೆ."

"ಬಂದ ಮೊದಲ ದಿನ ಅಧಿಕಾರಿ ಕೇಳಿದಾಗ ಏನಂದ್ರಿ?"

"ಇಬ್ಬರು ಅಂದೆ. ಬರ್ಕೊಂಡ್ರು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. "ಅಯ್ಯೋ ನಿಮ್ಮ! ಸಾವಿಗೆ ಕಿವಿ ಇದೆಯೋ ಇಲ್ವೋ ನನಗೆ ಗೊತ್ತಿಲ್ಲ. ಸರ್ಕಾರಕ್ಕಂತೂ ಇದೆ ಕಣಕ್ಕ!" ಎಂದು ಕೂಗಾಡಿಬಿಟ್ಟೆ. ಅವಳು ಆ ಪುಟಾಣಿ ಕೋಟಿನ ತೋಳನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು.

ಶನಿವಾರ ವಕೀಲೆ ಎಲ್ಲ ಕೇಳಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. "ಆಗ ಇಬ್ಬರು ಅಂದವರು ಈಗ ಮೂವರು ಅಂದ್ರೆ, ಯಾರದೋ ಮಗೂನ ತಂದು ಸೇರಿಸ್ತಿದ್ದಾರೆ ಅಂತಾರೆ."

"ರಕ್ತ ಪರೀಕ್ಷೆ ಮಾಡಿಸಿದ್ರೆ ಆಯ್ತಲ್ಲ?"

"ಅದಕ್ಕೂ ಅವರೇ ಒಪ್ಪಬೇಕು. ಒಪ್ಪಬೇಕಾದ್ರೆ ಇವರು ಅಧಿಕಾರಿ ಎದುರು ಕೂತು ಮೂವರು ಅಂತ ಬಾಯಿಬಿಟ್ಟು ಹೇಳಬೇಕು."

ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಮ್ಮನೆ ಬಂದ ಮಾತಲ್ಲ. ಸಂಜೆ ಸಂಜೆಯೂ ಅವಳನ್ನು ಎದುರಿಗೆ ಕೂರಿಸಿಕೊಂಡು ನಾನೇ ಅಧಿಕಾರಿಯಾದೆ. "ಎಷ್ಟು ಜನ ಮಕ್ಕಳು?" ಅವಳು "ಇಬ್ಬರು... ಮತ್ತೆ..." ಎಂದು ನೆಲ ನೋಡುತ್ತಿದ್ದಳು. ನಾನು ಗದರುತ್ತಿದ್ದೆ. ಒಂದು ದಿನ ಗದರುತ್ತ ಗದರುತ್ತ ನಾನೇ ಅತ್ತುಬಿಟ್ಟೆ. ಅವಳೇ ನನಗೆ ನೀರು ತಂದುಕೊಟ್ಟಳು.

ವಿಚಾರಣೆಯ ದಿನ ಅವಳು ಹೇಳಿದಳು. ಕುರ್ಚಿಯ ಅಂಚು ಹಿಡಿದುಕೊಂಡು, ಕಣ್ಣು ಮುಚ್ಚಿ, "ಮೂವರು" ಎಂದಳು. ಹೊರಗೆ ಬಂದವಳೇ ಗೋಡೆಗೆ ಹಣೆ ಆನಿಸಿ ಬಿಕ್ಕಿದಳು.

"ಏನು ಮಾಡಿಬಿಟ್ಟೆ ನಾನು," ಎಂದಳು.

"ಮಗೂನ ಬದುಕಿಸಿಕೊಂಡ್ರಿ," ಎಂದೆ. ಆಗ ನಾನು ಅದನ್ನು ನಂಬಿದ್ದೆ.

ಕಚೇರಿ ಒಂದು ದಾರಿ ತೆರೆಯಿತು. ದೊಡ್ಡ ಮಕ್ಕಳಿಬ್ಬರೂ ಈಗ ಬರಬಹುದು. ಅವರು ವಿಮಾನ ಇಳಿದಾಗ ಕೌಂಟರಿನಲ್ಲಿ ಬೇರೆಯಾಗಿ ಕೇಳುತ್ತಾರೆ: ಮನೆಯಲ್ಲಿ ಮಕ್ಕಳು ಎಷ್ಟು? ಉತ್ತರ ತಾಯಿಯ ಮಾತಿಗೆ ಹೊಂದಿದರೆ ಕಿರಿಯವನಿಗೆ ರಕ್ತ ಪರೀಕ್ಷೆ. ಹೊಂದದಿದ್ದರೆ ಅವನ ಅರ್ಜಿ ಅಲ್ಲಿಗೇ ಮುಗಿಯಿತು.

"ದೊಡ್ಡ ಮಗಳಿಗೆ ಹೇಳಿ. ಇವತ್ತೇ ಹೇಳಿ," ಎಂದು ನಾನು ಅವಳ ಬೆನ್ನು ಹತ್ತಿದೆ. ಅವಳು ನನ್ನ ಎದುರೇ ಫೋನು ಮಾಡಿದಳು. ಅವರ ಭಾಷೆ ನನಗೆ ಬಾರದು, ಆದರೆ ಟ್ಯಾಕ್ಸಿಯವನು ಅದೇ ದೇಶದವನು. ಪಕ್ಕದಲ್ಲಿ ನಿಂತು ಕೇಳಿ, "ಸರಿಯಾಗಿ ಹೇಳಿದ್ಲು ಟೀಚರಮ್ಮ, ಹುಡುಗಿ ಹೂಂ ಅಂತು," ಎಂದ.

ಮಕ್ಕಳು ಬರುವ ದಿನ ಅವನೇ ಟ್ಯಾಕ್ಸಿಯಲ್ಲಿ ನಮ್ಮನ್ನು ವಿಮಾನ ನಿಲ್ದಾಣಕ್ಕೆ ಕರೆತಂದ. ಟೈಲರಕ್ಕನ ಚೀಲದಲ್ಲಿ ಮೂರೂ ಕೋಟುಗಳಿದ್ದವು. ಪುಟಾಣಿದನ್ನು ಯಾಕೆ ತಂದಳೋ, ನಾನು ಕೇಳಲಿಲ್ಲ. ಗಾಜಿನ ಗೋಡೆಯಾಚೆ ಸಾಲು, ಸಾಲಿನ ತುದಿಯಲ್ಲಿ ಕೌಂಟರು.

"ಅಗೋ!" ಎಂದು ಅವಳು ನನ್ನ ತೋಳು ಹಿಂಡಿದಳು. ತಾಯಿಯದೇ ಉದ್ದ ಕತ್ತಿನ ಹುಡುಗಿ, ತಮ್ಮನ ಕೈ ಬಿಡದೆ ಅಧಿಕಾರಿಯ ಎದುರು ನಿಂತಿದ್ದಳು. ಅಧಿಕಾರಿ ಏನೋ ಕೇಳಿದ. ಫೋನಿನಲ್ಲಿದ್ದ ದುಭಾಷಿ ಅದನ್ನು ಹೇಳಿರಬೇಕು. ಹುಡುಗಿ ತಮ್ಮನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದಳು. ಅವನು ಮತ್ತೆ ಕೇಳಿದ. ಅವಳು ಕೈ ಎತ್ತಿ ಎರಡು ಬೆರಳು ತೋರಿಸಿದಳು.

ನಾನು ಗಾಜನ್ನು ಬಡಿದೆ. ಅಂಗೈ ಉರಿಯುವ ಹಾಗೆ ಬಡಿದು ಮೂರು ಬೆರಳು ಎತ್ತಿದೆ. ಕಾವಲಿನವನು ಬಂದು ನನ್ನನ್ನು ಹಿಂದಕ್ಕೆ ಎಳೆದ. ಒಳಗೆ ಅಧಿಕಾರಿ ಆಗಲೇ ಬರೆದುಕೊಳ್ಳುತ್ತಿದ್ದ.

ಮಕ್ಕಳು ಹೊರಬಂದು ತಾಯಿಯನ್ನು ತಬ್ಬಿಕೊಂಡವು. ಅಳು ಇಳಿಯುವವರೆಗೂ ನಾನು ತಡೆದುಕೊಂಡೆ. ಆಮೇಲೆ ಆಗಲಿಲ್ಲ. "ಕೇಳಯ್ಯ ಅವಳನ್ನ! ಅಷ್ಟು ಹೇಳಿಕೊಟ್ಟಿದ್ದಾರೆ. ಯಾಕೆ ಹಾಗೆ ಮಾಡಿದ್ಲು ಕೇಳು," ಎಂದು ಟ್ಯಾಕ್ಸಿಯವನ ಮೇಲೆ ಹರಿಹಾಯ್ದೆ.

ಅವನು ಕೇಳಿದ. ಹುಡುಗಿ ನೆಲ ನೋಡುತ್ತ ಉತ್ತರಿಸಿದಳು. ಅವನು ನನ್ನತ್ತ ತಿರುಗಿದ.

"ಹೊರಡೋ ದಿನ ಚಿಕ್ಕವನಿಗೆ ಉಸಿರೇ ಸರಿಯಾಗಿ ಆಡ್ತಿರಲಿಲ್ಲವಂತೆ. ಅಜ್ಜಿ ಆಸ್ಪತ್ರೆಗೆ ಎತ್ಕೊಂಡು ಹೋಗಿದ್ದಾಳೆ. 'ಅಮ್ಮ ಹೇಳಿದ್ದು ನೆನಪಿತ್ತು, ಆದ್ರೆ ಅವನನ್ನ ಹೇಗೆ ಎಣಿಸ್ಲಿ' ಅಂತಾಳೆ."

ನಾನು ಟೈಲರಕ್ಕನ ಮುಖ ನೋಡಿದೆ. ಬಯ್ಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಅವಳು ಮಗಳ ತಲೆ ನೇವರಿಸುತ್ತ ಏನೋ ಹೇಳಿದಳು. ನಾನು ಕೇಳದಿದ್ದರೂ ಟ್ಯಾಕ್ಸಿಯವನು ನನಗೆ ತಿಳಿಸಿದ: "'ಒಳ್ಳೇ ಕೆಲಸ ಮಾಡಿದೆ ಮಗಳೇ. ತಪ್ಪು ನನ್ನದು, ನಾನು ಎಣಿಸಿಬಿಟ್ಟೆ' ಅಂತಿದ್ದಾಳೆ."

ಅವಳು ಎರಡು ಕೋಟು ತೆಗೆದು ಮಕ್ಕಳಿಗೆ ತೊಡಿಸಿದಳು. ಗುಂಡಿ ಹಾಕಿದಳು. ಆಮೇಲೆ ಚೀಲದ ಬಾಯಿಗೆ ಗಂಟು ಹಾಕಿ ಎದೆಗೆ ಅವುಚಿಕೊಂಡಳು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

ಸಾಮಾನಿನ ಗಾಡಿ ತಳ್ಳುವ ಮುದುಕಿ ನಿಂತು ಮಕ್ಕಳನ್ನು ನೋಡಿ ನಕ್ಕಳು. "ಮುದ್ದಾಗಿದಾವಮ್ಮ. ನಿಮ್ಮ ಗೆಳತಿಗೆ ಎಷ್ಟು ಮಕ್ಕಳು?"

ಟೈಲರಕ್ಕನಿಗೆ ಪ್ರಶ್ನೆ ಅರ್ಥವಾಗಿತ್ತು. ನಾನೇ ಕಲಿಸಿದ್ದಲ್ಲವೇ. ಅವಳು ನನ್ನತ್ತ ನೋಡಿದಳು.

"ಇಬ್ಬರು," ಎಂದೆ. ಸುತ್ತ ಯಾರು ನಿಂತಿದ್ದರೂ ಕೇಳಿಸಬೇಕು, ಅಷ್ಟು ಗಟ್ಟಿಯಾಗಿ ಮತ್ತೆ ಹೇಳಿದೆ. "ಇಬ್ಬರೇ ಅಜ್ಜಿ. ಇನ್ಯಾರೂ ಇಲ್ಲ."