ನಲವತ್ತೊಂದನೇ ಕಾಗದದ ಎರಡನೇ ಹಾಳೆ

ಪ್ರತಿ ಗುರುವಾರ ಬೆಳಿಗ್ಗೆ ಹತ್ತಕ್ಕೆ, ಒಸಾಕಾದ ಒಂದು ಚಿಕ್ಕ ಸಂಗೀತ ವಿದ್ಯಾಲಯದ ಗ್ರಂಥಾಲಯದಲ್ಲಿ, ಮೇಲುಕೋಟೆಯ ವೇದವಲ್ಲಿ ಕೈ ತೊಳೆದು ಒರೆಸಿಕೊಂಡು, ತೀರಿಹೋಗಿ ನೂರು ವರ್ಷವಾಗುತ್ತ ಬಂದ ಒಬ್ಬ ಚೆಕ್ ಸಂಗೀತಗಾರನ ಕಾಗದಗಳ ಮುಂದೆ ಕೂರುತ್ತಿದ್ದಳು. ಎಲ್ಲಿಯ ಮೇಲುಕೋಟೆ, ಎಲ್ಲಿಯ ಒಸಾಕಾ, ಎಲ್ಲಿಯ ಚೆಕ್ ದೇಶ ಎಂದು ಊರಿನವರು ಫೋನಿನಲ್ಲಿ ಕೇಳಿದರೆ, ಎಲ್ಲಾ ಚೆಲುವರಾಯನ ಚಿತ್ತ ಎಂದು ಮಾತು ತೇಲಿಸುತ್ತಿದ್ದಳು. ಅದು ತೇಲಿಸುವ ಮಾತೂ ಹೌದು, ಅವಳು ನಂಬಿದ ಮಾತೂ ಹೌದು.

ಆ ಸಂಗೀತಗಾರನ ಹೆಸರು ಯಾರೊಮಿರ್ ಕೊಸಿನಾ. ಬರೆದದ್ದು ಮೂರೇ ಒಪೆರಾ. ನಮ್ಮ ಕಂಪನಿ ನಾಟಕದ ಹಾಗೆ, ಆದರೆ ಮಾತೆಲ್ಲ ಹಾಡಾಗಿಯೇ ಬರುವ ಆಟ. ಮೂರನೆಯದರ ಹೆಸರು 'ಗಿರಣಿಯ ಒಡತಿ'. ೧೯೧೨ರ ವಸಂತದಲ್ಲಿ, ಮೊರಾವಿಯಾದ ಒಂದು ಪಟ್ಟಣದಲ್ಲಿ, ಒಂದೇ ಒಂದು ಸಂಜೆ ಅದು ರಂಗಕ್ಕೆ ಬಂತು. ಎರಡನೇ ಅಂಕಕ್ಕೇ ಅರ್ಧ ಜನ ಎದ್ದು ಹೊರಟರು ಎಂದು ಮರುದಿನ ಒಬ್ಬ ವಿಮರ್ಶಕ ಪತ್ರಿಕೆಯಲ್ಲಿ ಬರೆದ. ಉಳಿದ ಪತ್ರಿಕೆಗಳೂ ಅದನ್ನೇ ಎತ್ತಿ ಬರೆದುಕೊಂಡವು. ಆಮೇಲೆ ಆ ಒಪೆರಾವನ್ನು ಯಾರೂ ಆಡಲಿಲ್ಲ, ಕೊಸಿನಾ ಇನ್ನೊಂದನ್ನು ಬರೆಯಲೂ ಇಲ್ಲ.

ವೇದವಲ್ಲಿ ಈ ಸುದ್ದಿಯನ್ನು ನಂಬಿರಲಿಲ್ಲ. ನಾಲ್ಕು ವರ್ಷ ಕೂತು ಆ ಕಾಲದ ಪತ್ರಿಕೆಗಳನ್ನು ಕಂಪ್ಯೂಟರಿನಲ್ಲಿ ತಿರುವಿ, ಆ ವಿಮರ್ಶಕನ ಅಳಿಯನ ಒಪೆರಾವನ್ನು ಬದಿಗಿಟ್ಟು ಕೊಸಿನಾನದನ್ನು ಆಡಿಸಿದ್ದರು ಎಂಬುದನ್ನು ಹುಡುಕಿ ತೆಗೆದಿದ್ದಳು. ವಿಮರ್ಶಕ ಹೊಟ್ಟೆಕಿಚ್ಚಿಗೆ ಸುಳ್ಳು ಬರೆದ ಎಂಬುದು ಅವಳ ವಾದ. ಆದರೆ ಅನುಮಾನ ಬೇರೆ, ಸಾಕ್ಷಿ ಬೇರೆ. ಆ ಸಂಜೆ ಒಳಗೆ ಕೂತಿದ್ದ ಒಬ್ಬರಾದರೂ ಬೇರೆ ಮಾತು ಹೇಳಬೇಕಿತ್ತು. ಡಿಸೆಂಬರ್ ಮುಗಿಯುವುದರೊಳಗೆ ಅವಳ ಥೀಸಿಸ್ಸಿನ ಆ ಅಧ್ಯಾಯ ಮಾರ್ಗದರ್ಶಕ ಪ್ರೊಫೆಸರ್ ಒಗಾತಾ ಅವರ ಮೇಜಿನ ಮೇಲಿರಬೇಕು. ಇಲ್ಲವಾದರೆ ಮಾರ್ಚಿಗೆ ಫೆಲೋಶಿಪ್ ಮುಗಿದು ಗಂಟುಮೂಟೆ ಕಟ್ಟಬೇಕು.

ಕಾಗದಗಳು ಒಟ್ಟು ಅರವತ್ತಮೂರು. ಕೊಸಿನಾ ತನ್ನ ಬಾಲ್ಯದ ಗೆಳೆಯನೊಬ್ಬನಿಗೆ, ಹಳ್ಳಿಯ ಮೇಷ್ಟರಿಗೆ, ಬರೆದವು. ತೆರಾವೊಕಾ ಎಂಬ ಪಿಯಾನೋ ಶ್ರುತಿ ಮಾಡುವವರು ಹರೆಯದಲ್ಲಿ ಕೆಲಸ ಕಲಿಯಲು ಆ ದೇಶಕ್ಕೆ ಹೋಗಿದ್ದಾಗ ಮೇಷ್ಟರ ಮೊಮ್ಮಗಳಿಂದ ಅವನ್ನು ಪಡೆದು ತಂದಿದ್ದರು. ಅವರು ತೀರಿಕೊಂಡ ಮೇಲೆ, ಹನ್ನೊಂದು ವರ್ಷದ ಹಿಂದೆ, ಅವರ ಹೆಂಡತಿ ಎಲ್ಲವನ್ನೂ ಈ ಗ್ರಂಥಾಲಯಕ್ಕೆ ಒಪ್ಪಿಸಿದ್ದರು. ಅದರಲ್ಲಿ ನಲವತ್ತೊಂದನೆಯದು ಆ ಸಂಜೆಯಾದ ವಾರಕ್ಕೆ ಬರೆದ ಕಾಗದ. ಪಟ್ಟಿಯಲ್ಲಿ 'ಒಂದು ಹಾಳೆ, ಅಪೂರ್ಣ' ಎಂದಿತ್ತು. ಹಾಳೆಯ ಕೊನೆಯ ಮಾತು 'ಕೊನೆಯ ತೆರೆ ಬಿದ್ದಾಗ' ಎಂದು ನಿಂತುಬಿಟ್ಟಿತ್ತು. ಹಸಿದವನ ಮುಂದೆ ಎಲೆ ಹಾಕಿ ಬಡಿಸದೆ ಹೋದ ಹಾಗೆ.

ನವೆಂಬರಿನ ಎರಡನೇ ಗುರುವಾರ ವೇದವಲ್ಲಿ ಆ ಲಕೋಟೆ ತೆಗೆದರೆ, ಒಳಗೆ ಎರಡು ಹಾಳೆ.

ಎರಡನೆಯದರಲ್ಲಿ ಅದೇ ಕೈಬರಹ, ಅದೇ ಕಂದು ಶಾಯಿ. ಇಡೀ ಸಭೆ ಎದ್ದು ನಿಂತಿತು, ಹಿಂದಿನ ಸಾಲಿನಲ್ಲಿದ್ದ ಗಿರಣಿಯಾಳುಗಳು ಟೋಪಿ ತೆಗೆದರು, ಒಬ್ಬರೂ ನಡುವೆ ಎದ್ದು ಹೋಗಿರಲಿಲ್ಲ ಎಂದು ಬರೆದಿತ್ತು. ಕೆಳಗಿನ ಎರಡು ಸಾಲು ಸುಟ್ಟು ಕರಿಯಾಗಿ ಉದುರಿಹೋಗಿದ್ದವು. ಅವಳು ಅದನ್ನು ಮೊದಲಿಂದ ಇನ್ನೊಮ್ಮೆ ಓದಿದಳು. ಮರುಗಳಿಗೆಯಲ್ಲೇ ಒಂದು ಹೆದರಿಕೆ ಹೊಕ್ಕಿತು. ಬೇಡಿದ್ದು ಬೇಡಿದ ಹಾಗೆಯೇ, ಒಂದಿಷ್ಟೂ ಹೆಚ್ಚುಕಡಿಮೆಯಿಲ್ಲದೆ ಬಾಗಿಲಿಗೆ ಬಂದು ನಿಂತರೆ ಯಾರಿಗಾದರೂ ಹೆದರಿಕೆಯೇ.

ಹಾಳೆಯನ್ನು ಮೂಗಿನ ಹತ್ತಿರ ತಂದಳು. ಹೊಗೆಯ ವಾಸನೆ. ಮನೆಯಲ್ಲಿ ದಿನವೂ ಊದುಬತ್ತಿ ಹಚ್ಚಿದವಳು, ಅವಳಿಗೆ ಆ ಪರಿಮಳ ಗೊತ್ತು, ಇದು ಅದಲ್ಲ. ಕಷಾಯಕ್ಕೆ ಹಾಕುವ ಯಾವುದೋ ಚಕ್ಕೆ ಸುಟ್ಟಂತೆ ಒಣ ವಾಸನೆ.

ಕಾಗದಗಳನ್ನಿಟ್ಟ ಪೆಟ್ಟಿಗೆಯ ಬೀಗದ ಕೈ ಇದ್ದದ್ದು ಒಬ್ಬರ ಬಳಿ: ಗ್ರಂಥಪಾಲಕ ಕಿತಾಮುರಾ ಸಾನ್, ನಮ್ಮಲ್ಲಿ ಕಿತಾಮುರಾ ಅವರು ಎಂದ ಹಾಗೆ. ಅರವತ್ತರ ಹತ್ತಿರದವರು, ಮಾತು ಕಡಿಮೆ, ಬರುವ ಮಾರ್ಚಿಗೆ ಅವರ ಕೆಲಸವೂ ಮುಗಿಯುತ್ತಿತ್ತು. ಇವಳು ಕೇಳಿದ್ದಕ್ಕೆ ಅವರು ನೆಲ ನೋಡಿಕೊಂಡು, ಹಾಳೆ ಲಕೋಟೆಯ ಒಳಮೈಗೆ ಅಂಟಿಕೊಂಡಿತ್ತೇನೋ, ಸುಮಿಮಾಸೆನ್, ಕ್ಷಮಿಸಿ, ಎಂದರು. ವೇದವಲ್ಲಿ ಹೂಂಗುಟ್ಟಿದಳು. ಆದರೆ ಬೇಸಿಗೆಯಲ್ಲೇ ಅವಳು ಆ ಬರಿದಾದ ಲಕೋಟೆಯನ್ನು ಬೆಳಕಿಗೆ ಹಿಡಿದು ಫೋಟೋ ತೆಗೆದಿಟ್ಟಿದ್ದಳು. ಅದರಲ್ಲಿ ಏನೂ ಅಂಟಿರಲಿಲ್ಲ. ಹಾಗಾದರೆ ಈ ಸಾಧು ಮನುಷ್ಯ ಸುಳ್ಳು ಹೇಳಿದರು.

ಭಾನುವಾರ ಮಧ್ಯಾಹ್ನ ಕೊಂಬಿನಿಯ, ಅಂದರೆ ದಿನವಿಡೀ ತೆರೆದಿರುವ ಮೂಲೆಯಂಗಡಿಯ, ಹೊರಗಿನ ಬೆಂಚಿನಲ್ಲಿ ಕೂತು ಹರಿಹರನ ಮುಂದೆ ಎಲ್ಲವನ್ನೂ ಹೇಳಿದಳು. ಹರಿಹರ ಬೆಂಗಳೂರಿನವನು, ಒಸಾಕಾದಲ್ಲೇ ಒಂದು ಸಂಶೋಧನಾಲಯದಲ್ಲಿ ಕಾಗದದ ನಾರಿನ ಮೇಲೆ ಕೆಲಸ ಮಾಡುತ್ತಿದ್ದ. ಅವಳಿಗೆ ತಮ್ಮನಿದ್ದ ಹಾಗೆ. ಫೋಟೋಗಳನ್ನು ದೊಡ್ಡದು ಮಾಡಿ ನೋಡಿ, ಪೇಪರ್ ಏನೋ ಹಳೇದೇ, ಆದರೆ ಹಳೇ ಪೇಪರ್ ಹಳೇ ಪುಸ್ತಕದ ಅಂಗಡೀಲಿ ಬೇಕಾದಷ್ಟು ಸಿಗುತ್ತೆ ಎಂದ. ಹೊಸ ಶಾಯಿಗೆ ಹೊಗೆ ಕೊಟ್ಟು ಹಳೇದು ಮಾಡೋರೂ ಇದ್ದಾರಂತೆ. ಒಳಗೆ ಕುಟ್ಟುತ್ತಿದ್ದ ಮಾತು ಅವನ ಬಾಯಲ್ಲಿ ಬಂದಾಗ ವೇದವಲ್ಲಿಗೆ ಒಂಥರಾ ನೆಮ್ಮದಿಯೂ ಆಯಿತು, ನಾಚಿಕೆಯೂ ಆಯಿತು.

"ಆದ್ರೂ ವೇದಕ್ಕ," ಹರಿಹರ ನಕ್ಕ, "ನಿಮ್ಮ ಕಿತಾಮುರಾ ಸಾನ್ ರಾತ್ರಿಯೆಲ್ಲಾ ಕೂತ್ಕೊಂಡು ಚೆಕ್ ಭಾಷೇಲಿ ಕಾಗದ ಬರೀತಾರೆ ಅಂತೀರಾ? ಅವರಿಗೆ ಇಂಗ್ಲಿಷ್ ಈಮೇಲೇ ಕಷ್ಟ ಅಂತ ನೀವೇ ಅಂದಿದ್ರಿ."

"ಅವರೇ ಬರೀಬೇಕಾಗಿಲ್ಲಪ್ಪ. ಬರೆಸಿದ್ರೆ ಸಾಕು."

"ಯಾಕೆ ಬರೆಸ್ತಾರೆ? ನಿಮ್ಮ ಥೀಸಿಸ್ ಉದ್ಧಾರ ಆಗ್ಲಿ ಅಂತ್ಲಾ?"

ಉತ್ತರವಿಲ್ಲದ ಕಡೆ ಅನುಮಾನ ಇನ್ನೂ ಚೆನ್ನಾಗಿ ಬೇರು ಬಿಡುತ್ತದೆ. ಆ ವಾರವಿಡೀ ಬೆಳಗಿನ ಪೂಜೆಗೆ ಕೂತಾಗಲೂ ಪೆರುಮಾಳ್ ದೇವರ ಪಟದ ಜಾಗದಲ್ಲಿ ಕಿತಾಮುರಾ ಸಾನ್ ನೆಲ ನೋಡಿಕೊಂಡು ನಿಂತ ಹಾಗೆ ಕಾಣುತ್ತಿತ್ತು. ಅವರು ಬಿಳಿ ಕೈಗವಸು ತೊಡುವುದು, ಬಾಗಿಲನ್ನು ಸದ್ದಾಗದಂತೆ ಎಳೆಯುವುದು, ಮೊದಲು ಸಭ್ಯತೆಯಾಗಿ ಕಂಡದ್ದೆಲ್ಲ ಈಗ ಕಳ್ಳಹೆಜ್ಜೆಯಾಗಿ ಕಂಡವು.

ಮುಂದಿನ ಗುರುವಾರ ಅವಳು ಬೇಸಿಗೆಯ ಫೋಟೋವನ್ನು ಅವರ ಮುಂದೆ ಹಿಡಿದಳು. ಸೋಮವಾರ ಒಗಾತಾ ಅವರಿಗೆ ಇದನ್ನು ತೋರಿಸಲೇಬೇಕು, ಬೇರೆ ದಾರಿಯಿಲ್ಲ ಎಂದಳು. ಕಿತಾಮುರಾ ಸಾನ್ ಲಕೋಟೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಆಮೇಲೆ, ಅದಕ್ಕೆ ಮುಂಚೆ ಶನಿವಾರ ತಮ್ಮ ಜೊತೆ ಒಂದು ಕಡೆ ಬರಬೇಕೆಂದು ಕೇಳಿಕೊಂಡರು.

ಉಪನಗರದ ರೈಲಿನಲ್ಲಿ ನಲವತ್ತು ನಿಮಿಷ. ಇಳಿದು ಹೋದದ್ದು ಒಂದು ಹಳೆಯ ಮರದ ಮನೆಗೆ. ಅರ್ಧ ಸಾಮಾನು ರಟ್ಟಿನ ಡಬ್ಬಗಳಲ್ಲಿತ್ತು. ಬಾಗಿಲು ತೆರೆದವರು ಎಂಬತ್ತಾರು ವರ್ಷದ ತೆರಾವೊಕಾ ಫುಮಿ ಸಾನ್, ಆ ಶ್ರುತಿಗಾರರ ಹೆಂಡತಿ. ಒಳಕೋಣೆಯಲ್ಲಿ ಕಪ್ಪು ಮರದ ದೇವರಗೂಡು, ಅದರಲ್ಲಿ ಗಂಡನ ಫೋಟೋ, ಬೂದಿಯ ಬಟ್ಟಲಲ್ಲಿ ಉರಿಯುತ್ತಿದ್ದ ಹಸಿರು ಕಡ್ಡಿ. ಒಳಗೆ ಕಾಲಿಡುತ್ತಲೇ ವೇದವಲ್ಲಿಗೆ ಆ ಒಣ ವಾಸನೆ ಬಡಿಯಿತು. ಈ ದೇಶದ ಧೂಪ ಇಷ್ಟು ಬೇರೆಯೆಂದು ಅವಳಿಗೆ ತಿಳಿದಿರಲಿಲ್ಲ. ಇಲ್ಲಿ ಯಾರ ಮನೆಯ ದೇವರ ಮುಂದೂ ಅವಳು ಈವರೆಗೆ ಕೂತಿರಲಿಲ್ಲ.

ಕಿತಾಮುರಾ ಸಾನ್ ಆಗ ಬಾಯಿ ಬಿಟ್ಟರು. ಕಾಗದಗಳನ್ನು ಕೊಡುವಾಗ ಅಜ್ಜಿ ಆ ಒಂದು ಹಾಳೆಯನ್ನು ಮಾತ್ರ ಕೊಡದೆ ಗಂಡನ ಫೋಟೋದ ಹಿಂದೆ ಇಟ್ಟುಕೊಂಡಿದ್ದರು. ಮೂರು ವರ್ಷದ ಹಿಂದೆ ಸಣ್ಣ ಭೂಕಂಪದಲ್ಲಿ ಧೂಪದ ಕಡ್ಡಿ ವಾಲಿಬಿದ್ದು ಅದರ ಅಂಚು ಸುಟ್ಟಿತು. ಈಗ ಅಜ್ಜಿ ವೃದ್ಧಾಶ್ರಮಕ್ಕೆ ಹೊರಟಿದ್ದಾರೆ, ಅಲ್ಲಿ ಧೂಪ ಹಚ್ಚುವಂತಿಲ್ಲ, ದೇವರಗೂಡಿಗೆ ಜಾಗವೂ ಇಲ್ಲ. ಹಾಳೆಯನ್ನು ಅದರ ಜೋಡಿಯ ಹತ್ತಿರ ಸೇರಿಸಿ ಎಂದು ಕೊಟ್ಟರು. ನಿಯಮದ ಪ್ರಕಾರ ಅದು ಸಮಿತಿಯ ಮುಂದೆ ಹೋಗಬೇಕಿತ್ತು. ಸುಟ್ಟ ಕಾಗದವನ್ನು ಸಮಿತಿ ವರ್ಷಗಟ್ಟಲೆ ಬೇರೆ ಕಪಾಟಿನಲ್ಲಿಡುತ್ತಿತ್ತು. ಅದಕ್ಕೇ ನಾನು ಸುಮ್ಮನೆ ಒಳಗಿಟ್ಟೆ, ತಪ್ಪು ನನ್ನದೇ ಎಂದರು.

ಕಥೆ ಚೆನ್ನಾಗಿತ್ತು. ಚೆನ್ನಾಗಿದ್ದದ್ದೇ ವೇದವಲ್ಲಿಗೆ ಚುಚ್ಚಿತು. ಇಬ್ಬರೂ ಸೇರಿ ಕಟ್ಟಿದ್ದೂ ಇರಬಹುದಲ್ಲ. ವಿಳಾಸ ಸಿಕ್ಕಿತು, ಧೂಪ ಸಿಕ್ಕಿತು, ಆದರೆ ಬರಹ ಕೊಸಿನಾನದೇ ಎಂಬುದಕ್ಕೆ ಏನಿದೆ?

ಅಜ್ಜಿಗೆ ಅದು ಹೇಗೆ ತಿಳಿಯಿತೋ, ನನಗೆ ಅದು ಬರುತ್ತದೆ ಎಂದರು. ಏನು ಬರುತ್ತದೆ ಎಂದು ಇವಳು ಕೇಳಿದಳು. ಆ ಹಾಳೆ, ಎಂದರು. ಗಂಡ ಮೂವತ್ತು ವರ್ಷ, ಪ್ರತಿ ತಿಂಗಳ ಮೊದಲ ದಿನ, ಊಟಕ್ಕೆ ಮುಂಚೆ ಅದನ್ನು ಗಟ್ಟಿಯಾಗಿ ಓದುತ್ತಿದ್ದರಂತೆ. ಆಕೆಗೆ ಚೆಕ್ ಭಾಷೆಯ ಒಂದು ಪದದ ಅರ್ಥವೂ ತಿಳಿಯದು. ಬರೀ ಕೇಳಿ ಕೇಳಿ ಬಂದದ್ದು.

ಅಜ್ಜಿ ಮಂಡಿಯೂರಿ, ಕಣ್ಣು ಮುಚ್ಚಿ ಶುರುಮಾಡಿದರು. ವೇದವಲ್ಲಿ ಫೋನಿನಲ್ಲಿದ್ದ ಹಾಳೆಯ ಫೋಟೋದ ಮೇಲೆ ಬೆರಳಿಟ್ಟು ಹಿಂಬಾಲಿಸಿದಳು. ಉಚ್ಚಾರ ಪೂರಾ ಜಪಾನಿ, ಆದರೆ ಪದಕ್ಕೆ ಪದ ಸರಿಯಿತ್ತು. ಆದರೂ ಅವಳ ಒಳಗಿನ ಹುಳ ಸುಮ್ಮನಾಗಲಿಲ್ಲ. ಹೋದ ವಾರ ಕೂತು ಉರುಹೊಡೆದಿದ್ದರೆ?

ಆಗ ಅವಳಿಗೆ ತಾತ ನೆನಪಾದರು. ತಾತ ಮೇಲುಕೋಟೆಯ ಜಗಲಿಯಲ್ಲಿ ಹುಡುಗರಿಗೆ ವೇದದ ಸಂಥೆ ಹೇಳಿಕೊಡುವಾಗ, ಹೇಳುತ್ತಿದ್ದವರನ್ನು ನಡುವೆ ತಡೆದು ಯಾವುದೋ ಊರಿನ ಸಮಾಚಾರ ಕೇಳುತ್ತಿದ್ದರು. ಆಮೇಲೆ, ಹೂಂ, ಮುಂದೆ ಎನ್ನುತ್ತಿದ್ದರು. ಪುಸ್ತಕ ನೋಡಿ ಕಲಿತವರು ಬಿಟ್ಟಲ್ಲಿಂದಲೇ ಹಿಡಿಯುತ್ತಿದ್ದರು. ಕಿವಿಯಲ್ಲಿ ಕಲಿತವರಿಗೆ ಅದು ಆಗುತ್ತಿರಲಿಲ್ಲ. ಅವರು ಉಸಿರು ತೆಗೆದುಕೊಂಡು ಮೊದಲಿಂದ ಬರಬೇಕಿತ್ತು.

"ಕ್ಷಮಿಸಿ," ವೇದವಲ್ಲಿ ತಡೆದಳು. "ಈ ಮನೆಗೆ ಬಂದು ಎಷ್ಟು ವರ್ಷವಾಯ್ತು?"

ಅಜ್ಜಿ ಕಣ್ಣು ತೆರೆದು, ಐವತ್ತೆಂಟು ಎಂದರು. ಮುಂದೆ ಹೇಳಿ ಎಂದಾಗ ಬಾಯಿ ತೆರೆದರು, ಮಾತು ಬರಲಿಲ್ಲ. ಕೈಯಿಂದ ಗಾಳಿಯಲ್ಲಿ ಏನೋ ತಡಕಿ, ಸಣ್ಣಗೆ ನಕ್ಕು, ಮತ್ತೆ ಮೊದಲ ಪದದಿಂದ ಶುರುಮಾಡಿದರು. ಇನ್ನೊಮ್ಮೆ ತಡೆದಳು. ಇನ್ನೊಮ್ಮೆ ಮೊದಲಿಂದ. ತಾತನ ಜಗಲಿಯ ಮೇಲೆ ವೇದವಲ್ಲಿ ಸಾವಿರ ಸಲ ಕೇಳಿದ್ದ ಹಿಂತಿರುಗುವಿಕೆ ಅದು. ವಾರದಲ್ಲಿ ಕಲಿಯಲು ಬರುವಂಥದ್ದಲ್ಲ.

ಮೂರನೇ ಸಲ ಅವಳು ತಡೆಯಲಿಲ್ಲ. ಗಿರಣಿಯಾಳುಗಳ ಟೋಪಿ ಬಂತು, ಯಾರೂ ಎದ್ದು ಹೋಗಲಿಲ್ಲ ಎಂಬುದು ಬಂತು. ಫೋಟೋದಲ್ಲಿ ಅಕ್ಷರ ಮುಗಿದು ಕರಿ ಅಂಚು ಶುರುವಾಯಿತು. ಅಜ್ಜಿ ನಿಲ್ಲಲಿಲ್ಲ.

ವೇದವಲ್ಲಿ ನೋಟ್‌ಬುಕ್ ಎಳೆದುಕೊಂಡು ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆ ಕನ್ನಡ ಅಕ್ಷರದಲ್ಲಿ ಗೀಚಿದಳು. ಮತ್ತೆರಡು ಸಲ ಹೇಳಿಸಿದಳು. ಅಲ್ಲೇ ಕೂತು ಒಂದೊಂದೇ ಪದ ಬಿಡಿಸಿದಳು. ಕೊನೆಯ ಪದ ಬಿಡಿಸಿದ ಮೇಲೆ ಪೆನ್ನು ಕೆಳಗಿಟ್ಟಳು.

'ಹಾಗೆಂದು ರೂಜೆನಾ ಬಂದು ಹೇಳಿದಳು. ನನಗೆ ಒಳಗೆ ಕೂರಲು ಧೈರ್ಯ ಬರಲಿಲ್ಲ, ಹೊರಗೆ ಮೆಟ್ಟಿಲ ಮೇಲಿದ್ದೆ.'

ರೂಜೆನಾ ಕೊಸಿನಾನ ಹೆಂಡತಿ. ಸಭೆ ಎದ್ದು ನಿಂತದ್ದನ್ನು ಅವನು ನೋಡಿಯೇ ಇರಲಿಲ್ಲ. ಚಳಿಯಲ್ಲಿ ಮೆಟ್ಟಿಲ ಮೇಲೆ ಕೂತಿದ್ದ ಗಂಡನಿಗೆ ಹೆಂಡತಿ ಹೇಳಿದ ಮಾತು ಅದು. ನಿಜವೂ ಇರಬಹುದು. ಅವನ ಮುಖ ನೋಡಲಾರದೆ ಹೇಳಿದ್ದೂ ಇರಬಹುದು. ನಾಲ್ಕು ವರ್ಷ ಕಾದ ಸಾಕ್ಷಿ ಕೈಗೆ ಸಿಕ್ಕು, ಕೈಯಲ್ಲೇ ಕರಗಿತು.

ಇದರ ಅರ್ಥ ಏನೆಂದು ನಿಮ್ಮ ಯಜಮಾನರು ಹೇಳಿದ್ದರೇ ಎಂದು ಕೇಳಿದಳು.

"ಒಂದು ಸಲ ಕೇಳಿದ್ದೆ," ಎಂದರು ಅಜ್ಜಿ. "ಹೆಂಡತಿಯ ಮಾತು ನಂಬಿದ ಒಬ್ಬ ಗಂಡನ ಕಾಗದ ಅಂದರು. ಅಷ್ಟೇ. ಮತ್ತೆ ನಾನು ಕೇಳಲಿಲ್ಲ."

ವಾಪಸ್ ರೈಲಿನಲ್ಲಿ ಜಾಗ ಸಿಕ್ಕರೂ ಇಬ್ಬರೂ ನಿಂತೇ ಬಂದರು. ವೇದವಲ್ಲಿಯ ತಲೆಯೊಳಗೆ ಒಂದು ನುಣುಪಾದ ದನಿ ಏಳುತ್ತಿತ್ತು. ಸುಟ್ಟದ್ದು ಸುಟ್ಟುಹೋಗಿದೆ. ಹಾಳೆಯಲ್ಲಿ ಉಳಿದದ್ದನ್ನಷ್ಟೇ ಬರೆದರೆ ಯಾರೂ ಸುಳ್ಳು ಎನ್ನಲಾರರು. ಆ ಎರಡು ಸಾಲು ಬಲ್ಲ ಮುದುಕಿಗೆ ಅದರ ಅರ್ಥ ತಿಳಿಯದು, ಅರ್ಥ ಬಲ್ಲ ತಾನು ಬಾಯಿ ಬಿಡದಿದ್ದರಾಯಿತು. ಹತ್ತು ದಿನ ಇನ್ನೊಬ್ಬರ ಕೈಯನ್ನು ಅನುಮಾನಿಸಿದ್ದವಳು ಈಗ ತನ್ನ ಕೈಯನ್ನೇ ನೋಡಿಕೊಂಡಳು. ನಾರಾಯಣ, ಎಂದು ಮೆಲ್ಲಗೆ ಅಂದುಕೊಂಡು ಕಿತಾಮುರಾ ಸಾನ್ ಕಡೆ ತಿರುಗಿದಳು.

ನಿಮ್ಮನ್ನು ಕಳ್ಳರೆಂದುಕೊಂಡಿದ್ದೆ ಎಂದು ಒಪ್ಪಿಕೊಂಡಳು. ಗೊತ್ತಿತ್ತು, ಬೇಸಿಗೆಯಲ್ಲಿ ನೀವು ಲಕೋಟೆಯನ್ನು ಬೆಳಕಿಗೆ ಹಿಡಿದದ್ದನ್ನು ನೋಡಿದ್ದೆ ಎಂದರು ಅವರು.

"ಗೊತ್ತಿದ್ದೂ ಅದರೊಳಗೇ ಇಟ್ಟಿರಾ?"

"ಗೊತ್ತಿದ್ದರಿಂದಲೇ ಇಟ್ಟೆ, ವೇದಾ ಸಾನ್. ಸುಮ್ಮನೆ ನಂಬುವವರ ಕೈಗೆ ಅದನ್ನು ಕೊಡಬಾರದು ಅನ್ನಿಸಿತು."

ಸೋಮವಾರ ಇಬ್ಬರೂ ಜೊತೆಯಾಗಿ ಒಗಾತಾ ಅವರ ಕೋಣೆಗೆ ಹೋದರು. ಹಾಳೆ ಹೇಗೆ ಬಂತೆಂದು ಕಿತಾಮುರಾ ಸಾನ್ ಹೇಳಿದರು, ಬೈಸಿಕೊಂಡರು, ಅಜ್ಜಿಯ ಸಹಿಯಿದ್ದ ದಾನಪತ್ರವನ್ನು ಮುಂದಿಟ್ಟರು. ಸಮಿತಿ ತೀರ್ಮಾನಿಸುವವರೆಗೆ ಹಾಳೆ ಬೇರೆ ಕಪಾಟಿಗೆ ಹೋಯಿತು. ವೇದವಲ್ಲಿ ಅಧ್ಯಾಯವನ್ನು ಮೊದಲಿಂದ ಬರೆದು ಡಿಸೆಂಬರ್ ಕೊನೆಗೆ ಒಪ್ಪಿಸಿದಳು. ವಿಮರ್ಶಕ ಸುಳ್ಳು ಬರೆದನೋ ಇಲ್ಲವೋ ತಿಳಿಯುವಂತಿಲ್ಲ ಎಂದು ಅದರಲ್ಲಿತ್ತು. ಸುಟ್ಟ ಎರಡು ಸಾಲುಗಳ ಕೆಳಗೆ, ತೆರಾವೊಕಾ ಫುಮಿ ಅವರ ಬಾಯಿಂದ ಕೇಳಿ ಬರೆದದ್ದು ಎಂದು ತಾರೀಖು ಸಮೇತ ಇತ್ತು.

ಒಗಾತಾ ಅವರು ಆ ಪುಟವನ್ನು ಎರಡು ಸಲ ಓದಿದರು. ಈ ಎರಡು ಸಾಲು ಇಲ್ಲದಿದ್ದರೆ ನಿಮಗೆ ಇನ್ನೆರಡು ವರ್ಷ ಕೊಡಿಸುವುದು ಕಷ್ಟವಾಗುತ್ತಿರಲಿಲ್ಲ ಎಂದರು. ಈಗ ಕೇಳಿದರೆ ಆರು ತಿಂಗಳು ಸಿಗಬಹುದು, ಅಷ್ಟೇ.

"ಆರು ತಿಂಗಳು ಸಾಕು," ಎಂದಳು ವೇದವಲ್ಲಿ. "ನಲವತ್ತೊಂದರಿಂದಾಚೆ ಇನ್ನೂ ಇಪ್ಪತ್ತೆರಡು ಕಾಗದ ಓದುವುದಿದೆ."