ಮೊದಲ ಕಂಬದ ಗುಂಡಿ

"ಅರ್ಧ ಬುಟ್ಟಿ ಹೊತ್ಕೊಂಡು ಮದಲಗಿತ್ತಿ ಹಾಂಗ ನಡೀತೀಯಲ್ಲಲೇ ರಂಡೆ, ನಿನ್ನ ಮದವಿ ಮೆರವಣಿಗಿ ಏನು ಇದು? ತುಂಬಿ ಹೊರು!"

ಕೂಲಿಯವರ ಮೇಲಿನ ಮುಕಾದಮ ಶಿವಪುತ್ರಪ್ಪ ಬೈದದ್ದು ರಾಚವ್ವನಿಗೆ. ಅವಳ ಅಣ್ಣ ಗದಿಗೆಪ್ಪ ಅಲ್ಲೇ ಆಚೆ ಚಪ್ಪರದ ಕಂಬಕ್ಕೆ ಗುದ್ದಲಿ ಹಿಡಿದು ನಿಂತಿದ್ದ. ಕೇಳಿಸಿತು. ಕೇಳಿಸದವನಂತೆ ಬಗ್ಗಿ ನೆಲಕ್ಕೆ ಮತ್ತೊಂದು ಏಟು ಹಾಕಿದ.

ಮುಂಬಯಿಯ ಕುರ್ಲಾ ಸ್ಟೇಷನ್ನಿನ ಆಚೆ, ರೈಲು ಹಳಿಗೂ ಉಪ್ಪುನೀರಿನ ಕೆಸರಿಗೂ ನಡುವೆ ಅವರ ಜೋಪಡಿಗಳಿದ್ದವು. ಎಲ್ಲರೂ ಬಿಜಾಪುರದ ಕಡೆಯ ಹೊಲಗೇರಿಗಳಿಂದ ಬಂದ ಮಣ್ಣುಕೆಲಸದವರು. ಜೋಪಡಿಗಳಾಚೆ ಕ್ರಿಕೆಟ್ ಆಟಕ್ಕೆಂದು ದೊಡ್ಡ ಸ್ಟೇಡಿಯಂ ಏಳುತ್ತಿತ್ತು. ಆಟ ನೋಡಲು ಬರುವವರು ಸ್ಟೇಷನ್ನಿನಲ್ಲಿ ಇಳಿದರೆ ಈ ಜೋಪಡಿಗಳ ಗಟಾರ ದಾಟಿಯೇ ಹೋಗಬೇಕು. ಸೇಠ್ ಒಬ್ಬ ಅದಕ್ಕೊಂದು ಉಪಾಯ ಕಂಡುಹಿಡಿದಿದ್ದ. ಸ್ಟೇಷನ್ನಿನಿಂದ ಸ್ಟೇಡಿಯಂವರೆಗೆ ಎತ್ತರದ ಕಬ್ಬಿಣದ ಕಂಬಗಳು, ಕಂಬದಿಂದ ಕಂಬಕ್ಕೆ ಉಕ್ಕಿನ ಹಗ್ಗ, ಹಗ್ಗಕ್ಕೆ ತೂಗುಬಿಟ್ಟ ಡಬ್ಬಿಗಳು. ಜನ ಡಬ್ಬಿಯಲ್ಲಿ ಕೂತು ಗಾಳಿಯಲ್ಲೇ ಹೋಗಿ ಇಳಿಯುವುದು. ಎಂಜಿನಿಯರ್ ಅದನ್ನು ರೋಪ್‌ವೇ ಅನ್ನುತ್ತಿದ್ದ. ಕೂಲಿಯವರ ಬಾಯಲ್ಲಿ ಅದು ತಂತಿಗಾಡಿ. ಸರ್ಕಾರದ ಒಪ್ಪಿಗೆ ಇನ್ನೂ ಬಂದಿರಲಿಲ್ಲ. ಒಂದು ಕಂಬವನ್ನು ನಿಲ್ಲಿಸಿ ದೊಡ್ಡವರಿಗೆ ತೋರಿಸಿಬಿಟ್ಟರೆ ಒಪ್ಪಿಗೆ ಹಿಂದೆಯೇ ಬರುತ್ತದೆಂದು ಸೇಠ್ ಭೂಮಿಪೂಜೆ ಇಟ್ಟುಕೊಂಡಿದ್ದ.

"ನಾವೂ ಅದರಾಗ ಕುಂದರಬಹುದೇನ್ರಿ?" ಎಂದು ರಾಚವ್ವ ಒಮ್ಮೆ ಕೇಳಿದ್ದಳು.

"ನಿಮ್ಮ ಹೇಲು ತುಳೀಬಾರದಂತನಽ ಅದನ್ನ ಕಟ್ಟಾಕತ್ತಾರ," ಎಂದು ಶಿವಪುತ್ರಪ್ಪ ನಕ್ಕಿದ್ದ. "ನೀವು ಕೆಳಗ ನಿಂತು ಅವರ ಮುಕಳಿ ನೋಡ್ರಿ."

ಕಂಬಕ್ಕೆ ಜಾಗ ಗುರುತು ಮಾಡಲು ಬಂದ ದಿನ ಎಂಜಿನಿಯರ್ ಕೆಸರಿನ ಅಂಚಿನ ದಿಬ್ಬದ ಮೇಲೆ ಬೂಟುಗಾಲಿನಿಂದ ನೆಲ ಕುಟ್ಟಿ, ಎದುರಿಗೆ ಸಿಕ್ಕ ಗದಿಗೆಪ್ಪನನ್ನು ಕೇಳಿದ.

"ಇಧರ್ ನೀಚೆ ಕುಛ್ ಹೈ ಕ್ಯಾ?"

ಕೆಳಗೆ ಏನಿದೆಯೆಂದು ಗದಿಗೆಪ್ಪನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಊರಿನ ಸ್ಮಶಾನದಲ್ಲಿ ಅವರ ಹೆಣಗಳಿಗೆ ಜಾಗವಿರಲಿಲ್ಲ. ಜೋಪಡಿಯಲ್ಲಿ ಸತ್ತ ಕೂಸುಗಳನ್ನೆಲ್ಲ ಈ ದಿಬ್ಬದಲ್ಲೇ ಹೂಳುತ್ತಿದ್ದರು. ರಾಚವ್ವನ ಗಂಡುಮಗು ಗಂಟಲು ಕಟ್ಟಿ ಸತ್ತಾಗ ಅದಕ್ಕೆ ಕುಣಿ ತೋಡಿದವನೂ, ತಂಗಿಯ ಹಸಿರು ಸೀರೆಯ ತುಂಡಿನಲ್ಲಿ ಸುತ್ತಿ ಒಳಗಿಟ್ಟವನೂ ಗದಿಗೆಪ್ಪನೇ. ಆದರೆ ಹಿಂದಿನ ದಿನವಷ್ಟೇ ಶಿವಪುತ್ರಪ್ಪ ಅವನ ಹೆಗಲ ಮೇಲೆ ಕೈಯಿಟ್ಟಿದ್ದ. ಮೇಲುಜಾತಿಯವನೊಬ್ಬ ಅವನನ್ನು ಹಾಗೆ ಮುಟ್ಟಿದ್ದು ಅದೇ ಮೊದಲು. ಕಂಬ ಎದ್ದಮೇಲೆ ಕಾವಲಿಗೆ ಒಬ್ಬ ಬೇಕು, ಖಾಕಿ ಅಂಗಿ ಕೊಡುತ್ತಾರೆ, ತಗಡಿನ ಖೋಲಿ ಕೊಡುತ್ತಾರೆ, ದಿಬ್ಬದ ವಿಷಯಕ್ಕೆ ನೀನು ಬಾಯಿ ಮುಚ್ಚಿಕೊಂಡಿದ್ದರೆ ನಿನ್ನ ಹೆಸರೇ ಹೇಳುತ್ತೇನೆ ಎಂದಿದ್ದ. ಗದಿಗೆಪ್ಪನ ಹೆಂಡತಿ ಚಂದ್ರವ್ವ ಬಸುರಿ. ಜೋಪಡಿಯೊಳಗೆ ಸಮುದ್ರದ ಭರತದ ನೀರು ನುಗ್ಗುತ್ತಿತ್ತು.

"ಕುಛ್ ನಹೀ ಸಾಬ್," ಎಂದ ಗದಿಗೆಪ್ಪ. "ಖಾಲಿ ಜಮೀನ್."

ಕಂಬದ ಗುರುತಿನ ಗೂಟ ಅಲ್ಲೇ ಬಿತ್ತು.

ಸಂಜೆ ರಾಚವ್ವ ಗೂಟ ನೋಡಿ ಬಂದು ಅಣ್ಣನ ಎದುರು ಕುಕ್ಕುರುಗಾಲಲ್ಲಿ ಕೂತಳು.

"ಯಣ್ಣಾ, ಅಲ್ಲಿ ಕೂಸುಗಳದಾವ ಅಂತ ಸಾಬಗ ಹೇಳಿದಿಲ್ಲೊ?"

"ಹೇಳೀನಿ."

"ಏನಂದ?"

"ಗೂಟ ಆಕಡೆ ಸರಸ್ತೀವಿ ಅಂದಾನ." ತಲೆಯೆತ್ತದೆ ರೊಟ್ಟಿ ಮುರಿದು ಬಾಯಿಗಿಟ್ಟ. ನೀರು ಕುಡಿದ. "ನೀ ಚಿಂತಿ ಮಾಡಬ್ಯಾಡ ತಂಗಿ."

ರಾಚವ್ವ ನಂಬಿದಳು. ಅಣ್ಣನ ಮಾತನ್ನು ಅವಳು ಎಂದೂ ಎರಡನೇ ಸಲ ಕೇಳಿದವಳಲ್ಲ. ಆ ನಂಬಿಕೆಯೇ ಗದಿಗೆಪ್ಪನನ್ನು ಒಳಗೊಳಗೇ ಕೊರೆಯಿತು. ಅಗೆಯುವಾಗ ಆ ಮೂಲೆಗೆ ತಾನೇ ನಿಲ್ಲುವುದು, ಕೈಗೆ ಸಿಕ್ಕಿದ್ದನ್ನು ಯಾರಿಗೂ ಕಾಣದಂತೆ ಎತ್ತಿ ಬೇರೆಡೆ ಹೂಳುವುದು, ಆಮೇಲೆ ಯಾರಿಗೂ ತಿಳಿಯುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಆದರೆ ಅಗೆತ ಶುರುವಾದಾಗ ಶಿವಪುತ್ರಪ್ಪ ಅವನನ್ನು ಪೂಜೆಯ ಚಪ್ಪರದ ಕಂಬ ನೆಡಲು ಕಳಿಸಿದ. ದಿಬ್ಬಕ್ಕೆ ಬೇರೆಯವರು ಇಳಿದರು. ಗೂಟ ಇದ್ದಲ್ಲೇ ಇತ್ತು. ರಾಚವ್ವ ಬುಟ್ಟಿ ಹಿಡಿದು ಗುಂಡಿಯ ಬಾಯಲ್ಲಿ ನಿಂತು ಚಪ್ಪರದ ಕಡೆಗೆ ನೋಡಿದಳು. ಗದಿಗೆಪ್ಪ ಹಗ್ಗದ ಗಂಟು ಬಿಗಿಯುತ್ತ ಮುಖ ತಿರುಗಿಸಿಕೊಂಡ. ಆವತ್ತು ಅವಳು ಬುಟ್ಟಿಯನ್ನು ಅರ್ಧವೇ ಹೊತ್ತಳು, ಸುರಿಯುವ ಮುಂಚೆ ಮಣ್ಣನ್ನು ಕೈಯಿಂದ ತಡಕಿ ನೋಡುತ್ತಿದ್ದಳು. ಮುಕಾದಮ ಬೈದದ್ದು ಅದಕ್ಕೇ. ಆ ಬೈಗುಳ ಕೇಳಿದ ಮೇಲೆ ಗದಿಗೆಪ್ಪನಿಗೆ ಚಪ್ಪರದ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

ಪೂಜೆಯ ದಿನ ಬೆಳಿಗ್ಗೆ ಗುಂಡಿಯ ಪಕ್ಕದ ಗೋಡೆ ಸಮ ಮಾಡುವಾಗ ಕೂಲಿಯವನೊಬ್ಬನ ಗುದ್ದಲಿಗೆ ಬಟ್ಟೆ ಸಿಕ್ಕಿತು. ಮಣ್ಣು ಹತ್ತಿದ ಹಸಿರು ಬಟ್ಟೆ. ಅದರೊಳಗಿಂದ ಹಕ್ಕಿಯ ಎಲುಬಿನಷ್ಟು ಸಣ್ಣ ಎಲುಬುಗಳು ಉದುರಿದವು. ತಟ್ಟೆ ಹಿಡಿದು ನಿಂತಿದ್ದ ಭಟ್ಟ, "ವಿಟಾಳ ಝಾಲಾ," ಎಂದು ಧೋತರ ಎತ್ತಿಕೊಂಡು ಹಿಂದೆ ಸರಿದ. ಮೈಲಿಗೆಯಾದ ನೆಲಕ್ಕೆ ತಾನು ಹೂವೆಸೆಯುವುದಿಲ್ಲವೆಂದ.

ಎಂಜಿನಿಯರ್ ಗದಿಗೆಪ್ಪನನ್ನು ಕರೆಸಿದ. "ಖಾಲಿ ಬೋಲಾ ಥಾ ನಾ? ಯೇ ಕ್ಯಾ ಹೈ?"

ಎಲ್ಲರೂ ನೋಡುತ್ತಿದ್ದರು. ರಾಚವ್ವನೂ ನೋಡುತ್ತಿದ್ದಳು. ಶಿವಪುತ್ರಪ್ಪ ಕಿವಿಯ ಹತ್ತಿರ ಬಂದು, "ನಾಯಿ ಅನ್ನಲೇ, ಸೂಳೇಮಗನ," ಎಂದ.

"ಕುತ್ತಾ ಹೈ ಸಾಬ್," ಎಂದ ಗದಿಗೆಪ್ಪ.

ಮಾತು ಬಾಯಿಂದ ಹೊರಬಿದ್ದ ಮೇಲೆ ಅವನಿಗೆ ತನ್ನದೇ ದನಿ ಗುರುತು ಸಿಗಲಿಲ್ಲ. ರಾಚವ್ವ ಬುಟ್ಟಿ ಕೆಳಗಿಟ್ಟು ಗುಂಡಿಗೆ ಇಳಿದಳು. ಎಲುಬುಗಳನ್ನು ಒಂದೊಂದಾಗಿ ಆರಿಸಿ ಬಟ್ಟೆಗೆ ಹಾಕಿಕೊಂಡು, ಅದನ್ನು ಮಡಿಲಲ್ಲಿಟ್ಟುಕೊಂಡು ತಳದ ನಟ್ಟನಡುವೆ ಕೂತುಬಿಟ್ಟಳು.

"ಹೋಗಿ ಎಳಕೊಂಡು ಬಾ ನಿನ್ನ ತಂಗೀನ," ಎಂದು ಶಿವಪುತ್ರಪ್ಪ ಅವನನ್ನು ನೂಕಿದ. "ಸೇಠ್ ಬರೂ ಹೊತ್ತಾತು. ಗುಂಡ್ಯಾಗ ಕಲ್ಲು ಸುರೀಬೇಕು."

ಗದಿಗೆಪ್ಪ ಇಳಿದು ಅವಳ ತೋಳು ಹಿಡಿದ.

"ಎಳಿ," ಎಂದಳು ರಾಚವ್ವ. "ಅವತ್ತು ನೀನಽ ಇಟ್ಟಿದ್ದಿ. ಇವತ್ತು ನೀನಽ ನಾಯಿ ಅಂದಿ. ಎಳದು ಒಗಿ."

"ತಂಗಿ, ನಾ..."

"ತಂಗಿ ಅನಬ್ಯಾಡ. ಮೈ ಮುಟ್ಟಬ್ಯಾಡ."

ಅವನ ಕೈ ತಾನೇ ಜಾರಿತು. ಮೇಲೆ ಹತ್ತಿ ಬಂದು ಎಂಜಿನಿಯರನ ಎದುರು ನಿಂತ.

"ಕುತ್ತಾ ನಹೀ ಸಾಬ್. ಮೇರೀ ಬಹೆನ್ ಕಾ ಬಚ್ಚಾ. ನೀಚೆ ಔರ್ ಭೀ ಹೈ. ಮೈ ಝೂಟ್ ಬೋಲಾ." ನಾಯಿಯಲ್ಲ, ತಂಗಿಯ ಕೂಸು, ಕೆಳಗೆ ಇನ್ನೂ ಇವೆ, ತಾನು ಹೇಳಿದ್ದು ಸುಳ್ಳು ಎಂದ.

ಎಂಜಿನಿಯರ್ ಕರವಸ್ತ್ರದಿಂದ ಕತ್ತು ಒರೆಸಿಕೊಂಡು ಶಿವಪುತ್ರಪ್ಪನ ಕಡೆ ನೋಡಿದ. "ಔರತ್ ಕೋ ನಿಕಾಲೋ," ಆ ಹೆಂಗಸನ್ನು ಹೊರಗೆ ಹಾಕು ಎಂದಷ್ಟೇ ಹೇಳಿ ಚಪ್ಪರದ ನೆರಳಿಗೆ ಹೋದ.

ಮುಕಾದಮ ಧೋತರ ಮೇಲಕ್ಕೆ ಕಟ್ಟಿ ಗುಂಡಿಯ ಕಡೆ ಬಂದ. ಗದಿಗೆಪ್ಪ ಬಿದ್ದಿದ್ದ ಸಲಿಕೆ ಎತ್ತಿಕೊಂಡು ಅವನಿಗೆ ಅಡ್ಡ ನಿಂತ.

"ಸರೀಲೇ, ಹೊಲ್ಯಾ."

"ಇನ್ನೊಂದು ಹೆಜ್ಜಿ ಇಟ್ಟರ ನಿನ್ನೂ ಇಲ್ಲೇ ಹುಗೀತೀನಿ, ಶಿವ್ಯಾ."

ಕೂಲಿಯವರು ಕೈ ನಿಲ್ಲಿಸಿ ನಿಂತರು. ಕಲ್ಲು ತುಂಬಿದ ಲಾರಿಯವನು ಇಂಜಿನ್ ಆರಿಸಿದ. ಶಿವಪುತ್ರಪ್ಪ ಎರಡು ಹೆಜ್ಜೆ ಹಿಂದೆ ಸರಿದು, ಪೊಲೀಸರನ್ನು ಕರೆಯಿರೆಂದು ಚಪ್ಪರದ ಕಡೆಗೆ ಕೂಗಿದ. ರಸ್ತೆಯಲ್ಲಿ ಸೇಠ್‌ನ ಕಾರುಗಳ ಹಾರ್ನ್ ಕೇಳಿಸಿತು.

ಗದಿಗೆಪ್ಪ ಸಲಿಕೆ ಇಳಿಸದೆ ಕತ್ತಷ್ಟೇ ಹೊರಳಿಸಿ ಗುಂಡಿಯೊಳಗೆ ನೋಡಿದ. ತಾನು ಹೇಳಿದ್ದು ಅವಳಿಗೆ ಕೇಳಿಸಿರಬೇಕು, ಒಮ್ಮೆ ತಲೆಯೆತ್ತಿಯಾಳು ಎಂದು ಕಾದ. ರಾಚವ್ವ ಅವನಿಗೆ ಬೆನ್ನು ಮಾಡಿ ಕೂತು ಬಟ್ಟೆಗೆ ಗಂಟು ಹಾಕುತ್ತಿದ್ದಳು.